ನೌನ್ ಕಲಿಸಿ ಬಂದ ಸಿಟ್ಟು

ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುವವರಿಗೆ ಸುಮ್ಮನೆ ಕೂರುವ ಯೋಗ ಇಲ್ಲ. ಯಾರಾದರೂ ಬಂದು ಕೆಣಕಿಯೇ ಹೋಗುತ್ತಾರೆ. ಒಮ್ಮೆ ಮಕ್ಕಳು, ಒಮ್ಮೆ ಹೆಡ್‌ಮಾಸ್ಟ್ರು, ಒಮ್ಮೆ ಮೇಲಿನ ಕಚೇರಿಯವರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕಾರ್ಕಳದ ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ವರ್ಷಕ್ಕೆ ಐದು ಸೆಕ್ಷನ್‌ಗಳಿಗೆ ಐದು ಬಗೆಯ ನೌನ್‌ಗಳನ್ನು ಅವರು ಕಲಿಸಿ ನೋಡಲಿ, ಆಮೇಲೆ ಮಾತಾಡುವ.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಕಾಪುವಿನ ಹತ್ತಿರದ ಒಂದು ಹೈಸ್ಕೂಲಿಗೆ ವರ್ಗವಾಯಿತು. ಉಡುಪಿಯಲ್ಲಿ ಒಂದು ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಇಡೀ ಶಾಲೆಗೆ ನಾನೊಬ್ಬಳೇ ಹೆಂಗಸು. ಈ ಕೆಳಗಿನದ್ದೆಲ್ಲ ಅಲ್ಲಿದ್ದಾಗ ಆದದ್ದು.

ಬೊಂಬಾಯಿ ಮತ್ತು ಕಾಪು

ಮೊದಲ ದಿನ ಎಂಟನೇ ಕ್ಲಾಸು. "ಪ್ರಾಪರ್ ನೌನ್‌ಗೆ ಉದಾಹರಣೆ ಕೊಡಿ" ಎಂದೆ. ಇಡೀ ಕ್ಲಾಸು ಒಂದೇ ರಾಗದಲ್ಲಿ, "ರಾಮ, ಸೀತಾ, ಗಂಗಾ, ಬೊಂಬಾಯಿ" ಎಂದಿತು. ಹಿಂದಿದ್ದ ಮಾಸ್ಟ್ರು ಬಾಯಿಪಾಠ ಮಾಡಿಸಿ ರಿಟೈರಾಗಿದ್ದರು.

"ಬೇರೆ ಹೇಳಿ" ಎಂದೆ. ಮತ್ತೆ ಅದೇ ನಾಲ್ಕು ಹೆಸರು ಬಂತು.

ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿದೆ. "ನಿನ್ನ ಹೆಸರು ಪ್ರಾಪರ್ ನೌನ್ ಅಲ್ವಾ?"

"ಅಲ್ಲ ಟೀಚರ್. ಪುಸ್ತಕದಲ್ಲಿ ಇಲ್ಲ."

"ಊರಿನ ಹೆಸರು ಪ್ರಾಪರ್ ನೌನ್. ಬೊಂಬಾಯಿ ಆಗುತ್ತದಾದರೆ ಕಾಪು ಯಾಕೆ ಆಗುವುದಿಲ್ಲ?"

ಅವನು ಸ್ವಲ್ಪ ಯೋಚನೆ ಮಾಡಿ ಹೇಳಿದ: "ಬೊಂಬಾಯಿಗೆ ಎಲ್ಲರೂ ಹೋಗುತ್ತಾರೆ ಟೀಚರ್. ಕಾಪುವಿಗೆ ಯಾರು ಬರುತ್ತಾರೆ?"

ನನ್ನ ತಲೆ ಬಿಸಿಯಾಯಿತು. "ನಾನು ಬಂದಿಲ್ವಾ?"

"ನಿಮಗೆ ಟ್ರಾನ್ಸ್‌ಫರ್ ಆದದ್ದಲ್ವಾ ಟೀಚರ್!"

ಸಣ್ಣ ಅಕ್ಷರದ ಪ್ಯೂನ್

ಆ ಶಾಲೆಯ ಮಕ್ಕಳಿಗೆ ದೊಡ್ಡಕ್ಷರದ ರೋಗ ಇತ್ತು. ದನದ ಬಗ್ಗೆ ಪ್ರಬಂಧ ಬರೆಯಲು ಹೇಳಿದರೆ ದನ ಎಂಬ ಶಬ್ದ ಬಂದಲ್ಲೆಲ್ಲ ದೊಡ್ಡ ಸಿ. ಅದೇ ಪ್ರಬಂಧದಲ್ಲಿ ಅಪ್ಪ ಬಂದಲ್ಲಿ ಸಣ್ಣ ಎಫ್.

"ಎರಡೂ ಕಾಮನ್ ನೌನ್. ದನಕ್ಕೆ ಯಾಕೆ ದೊಡ್ಡದು?" ಎಂದು ಬರೆದವಳನ್ನು ಕೇಳಿದೆ.

"ದನ ದೇವರು ಟೀಚರ್. ಅಪ್ಪ ಎಂತ ದೇವರಾ?"

ಇದು ಎಲ್ಲಿಂದ ಹುಟ್ಟಿತೆಂದು ಹುಡುಕಿದರೆ ಬೇರು ಸಿಕ್ಕಿದ್ದು ನೋಟಿಸ್ ಬೋರ್ಡಿನಲ್ಲಿ. ನಮ್ಮ ಹೆಡ್‌ಮಾಸ್ಟ್ರು ಇಂಗ್ಲಿಷಿನಲ್ಲೇ ನೋಟಿಸು ಬರೆಯುವವರು. ಅದರಲ್ಲಿ ಹೆಡ್‌ಮಾಸ್ಟರ್ ಎಂಬ ಶಬ್ದ ಪೂರ್ತಿ ದೊಡ್ಡಕ್ಷರ. ಟೀಚರ್ ಎಂಬಲ್ಲಿ ಮೊದಲಿನದ್ದು ಮಾತ್ರ ದೊಡ್ಡದು. ಪ್ಯೂನ್ ಎಂಬಲ್ಲಿ ಎಲ್ಲವೂ ಸಣ್ಣದು. ಆ ಪ್ಯೂನ್ ಪೆರ್ಡೂರಿನವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದು, ಗುಡಿಸಿ, ಕುಡಿಯುವ ನೀರು ತಂದಿಟ್ಟು, ಗಂಟೆ ಹೊಡೆದು, ಕೊನೆಗೆ ತಾನು ಸಣ್ಣಕ್ಷರವಾಗಿರುವ ನೋಟಿಸನ್ನೂ ತಾನೇ ಅಂಟಿಸುತ್ತಿದ್ದವರು.

ನಾನು ಹೆಡ್‌ಮಾಸ್ಟ್ರ ಕೋಣೆಗೆ ಹೋಗಿ ಹೇಳಿದೆ: "ಸರ್, ಮೂರೂ ಕಾಮನ್ ನೌನ್. ಮೂರಕ್ಕೂ ಸಣ್ಣಕ್ಷರ ಸಾಕು."

"ಗೌರವಕ್ಕೆ ದೊಡ್ಡಕ್ಷರ ಹಾಕುವುದು ಟೀಚರೇ."

"ಹಾಗಾದರೆ ಪ್ಯೂನಿಗೆ ಗೌರವ ಬೇಡ್ವಾ?"

"ಅವನಿಗೆ ಸಂಬಳ ಉಂಟಲ್ಲ" ಎಂದರು.

ನಾನು ಹೊರಗೆ ಬಂದವಳೇ ಕೆಂಪು ಶಾಯಿಯಲ್ಲಿ ಬೋರ್ಡಿನ ನೋಟಿಸು ಪೂರ್ತಿ ತಿದ್ದಿದೆ. ಮಧ್ಯಾಹ್ನದೊಳಗೆ ನನಗೆ ಮೆಮೋ ಬಂತು. ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು, ವಿವರಣೆ ಕೊಡಿ ಎಂದು. ಅದೂ ಇಂಗ್ಲಿಷಿನಲ್ಲೇ. ನಾಲ್ಕು ಸಾಲು, ಏಳು ತಪ್ಪು. ವಿವರಣೆ ಎಂತ ಕೊಡುವುದು? ಮೆಮೋವನ್ನೂ ತಿದ್ದಿದೆ. ಮೂಲೆಯಲ್ಲಿ ಹತ್ತಕ್ಕೆ ಮೂರು ಎಂದು ಬರೆದು ರುಜು ಹಾಕಿ ಪ್ಯೂನಿನ ಕೈಯಲ್ಲಿ ಕೊಟ್ಟೆ.

ಅವರಿಗೆ ಇಂಗ್ಲಿಷ್ ಬಾರದು. ಕೆಂಪು ಶಾಯಿಯ ಅರ್ಥ ಗೊತ್ತಿತ್ತು. "ಪಾಸಾ ಟೀಚರೇ?" ಎಂದು ಕೇಳಿದರು. ಇಲ್ಲ ಎಂದೆ.

ಅವರು ನೆಟ್ಟಗೆ ನಡೆದು ಹೆಡ್‌ಮಾಸ್ಟ್ರ ಕೋಣೆಯ ಬಾಗಿಲಲ್ಲಿ ನಿಂತು, ಇಡೀ ಜಗಲಿಗೆ ಕೇಳುವ ಹಾಗೆ ಹೇಳಿದರು: "ಸರ್, ಫೇಲ್ ಅಂತೆ."

ಒಂದು ಶೋಲ್ ಮೀನು

ಇನ್‌ಸ್ಪೆಕ್ಟರ್ ಬರುವ ದಿನ ನಮ್ಮ ಶಾಲೆಯಲ್ಲಿ ಮದುವೆ ಮನೆಯ ಗಡಿಬಿಡಿ. ಆ ವರ್ಷ ಬಂದವರು ದೊಡ್ಡ ಶರೀರದವರು. ಒಂಬತ್ತನೇ ಕ್ಲಾಸಿಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, "ಕಲೆಕ್ಟಿವ್ ನೌನ್ ಕೇಳುವ" ಎಂದರು. ಎದ್ದು ನಿಂತವನು ರಂಪಣಿ ಬಲೆ ಎಳೆಯುವವರ ಮಗ. ಸಮುದ್ರದ ಬದಿಯಲ್ಲೇ ಅವನ ಮನೆ.

"ಮೀನಿನ ಹಿಂಡಿಗೆ ಎಂತ ಹೇಳುತ್ತಾರೆ?"

"ಎಂತ ಮೀನು ಸರ್? ಬಂಗುಡೆಯಾ, ಬೂತಾಯಿಯಾ?"

"ಯಾವ ಮೀನಾದರೂ ಆಗುತ್ತದೆ."

"ಎಲ್ಲಿ ಉಂಟು ಸರ್? ಬಲೆಯಲ್ಲಾ, ಬುಟ್ಟಿಯಲ್ಲಾ?"

"ನೀರಿನಲ್ಲಿ ಮಾರಾಯ, ನೀರಿನಲ್ಲಿ!"

ಹುಡುಗ ಬಹಳ ವಿನಯದಿಂದ ಹೇಳಿದ: "ನೀರಿನಲ್ಲಿ ಇರುವಾಗ ಅದು ನಮ್ಮದಲ್ಲ ಸರ್. ಹೆಸರಿಟ್ಟು ಎಂತ ಮಾಡುವುದು?"

ಇದಕ್ಕಿಂತ ಬುದ್ಧಿಯ ಉತ್ತರವನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕೇಳಿಲ್ಲ. ಇನ್‌ಸ್ಪೆಕ್ಟರ್ ಮಾತ್ರ ಮುಖ ಗಂಟಿಕ್ಕಿ, "ಶೋಲ್! ಇಷ್ಟೂ ಬರುವುದಿಲ್ವಾ?" ಎಂದು ಬೊಬ್ಬೆ ಹಾಕಿದರು. ಪುಸ್ತಕ ತೆಗೆದು, ಮಕ್ಕಳು ಕಲೆಕ್ಟಿವ್ ನೌನಿನಲ್ಲಿ ಬಹಳ ಹಿಂದೆ ಎಂದು ನನ್ನೆದುರೇ ಬರೆದರು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಧ್ಯಾಹ್ನ ಅವರಿಗೆ ಊಟ ಬಂದದ್ದು ಅದೇ ಹುಡುಗನ ಮನೆಯಿಂದ. ಅವನ ತಾಯಿ ಬೆಳಿಗ್ಗೆ ಎದ್ದು ಮಸಾಲೆ ಅರೆದು ಬಂಗುಡೆ ಹುರಿದು ಕಳಿಸಿದ್ದರು. ಬಡಿಸಲಿಕ್ಕೆ ಯಾರು? ಹೆಂಗಸೇ ಆಗಬೇಕು ಎಂದು ಹೆಡ್‌ಮಾಸ್ಟ್ರ ಅಪ್ಪಣೆ. ಹನ್ನೊಂದು ಮಂದಿ ಗಂಡಸು ಮಾಸ್ಟ್ರುಗಳಿಗೂ ಕೈ ಇರಲಿಲ್ಲವೋ ಏನೋ.

ಇನ್‌ಸ್ಪೆಕ್ಟರ್ ನಾಲ್ಕು ಬಂಗುಡೆಯ ಮುಳ್ಳನ್ನು ಎಲೆಯ ಬದಿಗೆ ಸಾಲಾಗಿ ಜೋಡಿಸಿ ಮತ್ತೆ ಪಾತ್ರೆಯ ಕಡೆ ನೋಡಿದರು. ನನಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಕೇಳಿದೆ: "ಸರ್, ಇನ್ನೊಂದು ಶೋಲ್ ಹಾಕಲಾ?"

ಆ ಮನುಷ್ಯನಿಗೆ ನಾಚಿಕೆಯಾದರೂ ಆಗಬೇಕಲ್ಲ! ತಲೆ ಎತ್ತದೆ ಹೇಳಿದರು: "ಅರ್ಧ ಶೋಲ್ ಸಾಕು."

ಚಿನ್ನ ಎಂಬ ಮೆಟೀರಿಯಲ್ ನೌನ್

ಒಂದು ಭಾನುವಾರ ಕಾರ್ಕಳದ ಮನೆಗೆ ನನ್ನನ್ನು ನೋಡಲಿಕ್ಕೆ ಗಂಡಿನ ಕಡೆಯವರು ಬಂದರು. ಹುಡುಗನಿಗೆ ಮಣಿಪಾಲದಲ್ಲಿ ಕೆಲಸ. ಅವನು ಕೂತಲ್ಲಿಂದ ಏಳುವವರೆಗೂ ಮೆಟ್ಟಿಲ ಬಳಿ ಬಿಟ್ಟ ತನ್ನ ಚಪ್ಪಲಿಯ ಕಡೆಯೇ ನೋಡುತ್ತಿದ್ದ. ಮಾತೆಲ್ಲ ಅವನ ಸೋದರಮಾವನದ್ದು.

"ಶಾಲೆಯಲ್ಲಿ ಎಂತ ಕಲಿಸುತ್ತೀ ಮಗಳೇ?"

"ಇಂಗ್ಲಿಷ್. ಈಗ ನೌನ್ ನಡೆಯುತ್ತಾ ಉಂಟು."

"ಒಟ್ಟು ಎಷ್ಟು ನೌನ್ ಉಂಟು?"

"ಐದು ಬಗೆ."

"ಬರೀ ಐದಾ? ಅದಕ್ಕೆ ಜೂನ್‌ನಿಂದ ಮಾರ್ಚ್‌ವರೆಗೆ ಬೇಕಾ?" ಎಂದು ನಕ್ಕರು. ನಮ್ಮ ಅಪ್ಪನೂ ನಕ್ಕರು. ಅಪ್ಪ ನಗಬಾರದಿತ್ತು.

ಗೋಳಿಬಜೆ ಖಾಲಿಯಾಯಿತು, ಕಾಫಿ ಮುಗಿಯಿತು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಮಾವ ಬಾಯಿ ಒರೆಸಿಕೊಂಡು ಅಪ್ಪನನ್ನು ಕೇಳಿದರು: "ಹಾಗಾದರೆ ಎಷ್ಟು ಪವನು ಚಿನ್ನ ಅಂತ ಮಾತಾಡುವ?"

ಒಳಗೆ ಅಮ್ಮ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. ನಾನು ಬಿಡಿಸಿಕೊಂಡು ಹೊರಗೆ ಬಂದೆ. "ಚಿನ್ನ ಮೆಟೀರಿಯಲ್ ನೌನ್. ಅದನ್ನು ಎಣಿಸಲಿಕ್ಕಿಲ್ಲ. ಎಷ್ಟು ಚಿನ್ನಗಳು ಅಂತ ಯಾರೂ ಕೇಳುವುದಿಲ್ಲ, ವ್ಯಾಕರಣವೇ ಬಿಡುವುದಿಲ್ಲ" ಎಂದೆ.

ಮಾವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. "ಎಣಿಸುವುದು ಯಾರು ಮಗಳೇ? ನಾವು ತೂಗುತ್ತೇವೆ."

"ತೂಗುವುದಾದರೆ ಆದಿ ಉಡುಪಿ ಸಂತೆಗೆ ಹೋಗಿ. ಅಲ್ಲಿ ತಕ್ಕಡಿಯೂ ಉಂಟು, ಸೌತೆಕಾಯಿಯೂ ಉಂಟು. ನಾನು ಸಂತೆಗೆ ಬಂದವಳಲ್ಲ" ಎಂದೆ. ನನ್ನ ಸ್ವರ ಪಕ್ಕದ ಮನೆಗೆ ಕೇಳಿಸಿತ್ತು. ಆ ಮನೆಯ ಅಜ್ಜಿ ಜಗಲಿಗೆ ಕುರ್ಚಿ ತಂದು ಹಾಕಿ ಕೂತರು.

ಅವರೆಲ್ಲ ಎದ್ದರು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಮೆಟ್ಟಿಲಿಳಿಯುವಾಗ ಹುಡುಗ ಹಿಂದೆ ಉಳಿದ. ಮೊದಲ ಸಲ ಚಪ್ಪಲಿಯಿಂದ ಕಣ್ಣೆತ್ತಿ, ಸಣ್ಣ ಸ್ವರದಲ್ಲಿ ಕೇಳಿದ: "ಮೆಟೀರಿಯಲ್ ನೌನ್‌ಗೆ ಇನ್ನೊಂದು ಉದಾಹರಣೆ ಹೇಳ್ತೀರಾ? ನನಗೆ ಡಿಪಾರ್ಟ್‌ಮೆಂಟ್ ಪರೀಕ್ಷೆ ಉಂಟು."

"ಮಣ್ಣು" ಎಂದು ಬಾಗಿಲು ಹಾಕಿದೆ.

ಕಣ್ಣಿಗೆ ಕಾಣದ್ದು

ಅಬ್‌ಸ್ಟ್ರಾಕ್ಟ್ ನೌನ್ ಎಂದರೆ ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು. ಎಂಟನೆಯವರಿಗೆ ಮೂರು ದಿನ ಇದನ್ನೇ ಹೇಳಿದೆ. ಪ್ರಾಮಾಣಿಕತೆ, ದಯೆ, ಧೈರ್ಯ ಎಂದೆಲ್ಲ ಬೋರ್ಡಿನಲ್ಲಿ ಬರೆದೆ. ನಾಲ್ಕನೇ ದಿನ, "ನೀವೇ ಒಂದೊಂದು ಹೇಳಿ" ಎಂದೆ.

ಮೊದಲಿನವನು "ಕರೆಂಟು" ಎಂದ. ಕಾಣುವುದಿಲ್ಲ, ಸರಿ. ಮುಟ್ಟಿದರೆ ಗೊತ್ತಾಗುತ್ತದೆ, ಕೂತುಕೋ ಎಂದೆ.

ಎರಡನೆಯವಳು "ಗಣಿತ ಮಾಸ್ಟ್ರು" ಎಂದಳು. ಗಣಿತದ ಮಾಸ್ಟ್ರು ಹೆಬ್ರಿಯಿಂದ ಬರುವವರು. ಬಸ್ಸು ತಪ್ಪಿತೆಂದು ವಾರಕ್ಕೆ ಮೂರು ದಿನ ಬರುತ್ತಿರಲಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಆ ಉತ್ತರ ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ಕ್ಲಾಸೆಲ್ಲ ನಗತೊಡಗಿತು. ನನಗೆ ರೇಗಿತು. ಮೇಜಿಗೆ ಬೆತ್ತದಲ್ಲಿ ಬಡಿದು, "ಸಾಕು! ನಾನೇ ಹೇಳುತ್ತೇನೆ. ಕೋಪ. ಕೋಪ ಅಬ್‌ಸ್ಟ್ರಾಕ್ಟ್ ನೌನ್. ಬರೆದುಕೊಳ್ಳಿ" ಎಂದೆ.

ಯಾರೂ ಬರೆಯಲಿಲ್ಲ. ಹಿಂದಿನ ಬೆಂಚಿನವನು ಕೈಯೆತ್ತಿದ. "ಅದು ಹೇಗೆ ಟೀಚರ್? ನಮಗೆ ದಿನಾ ಕಾಣುತ್ತದಲ್ಲ?"

ಪಕ್ಕದವನು ಅಂಗೈ ಉಜ್ಜಿಕೊಳ್ಳುತ್ತಾ ಸೇರಿಸಿದ: "ಕೈಗೂ ಸಿಗುತ್ತದೆ."

ಐಸಮ್ಮ ತ್ರೀ

ಇದು ಎಂಬತ್ತರ ದಶಕದ ಮಾತು. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಆಮೇಲೆ ನಗು ಬರುತ್ತದೆ.

ಒಂದು ವರ್ಷ ಎಂಟನೇ ಕ್ಲಾಸಿಗೆ ಐಸಮ್ಮ ಎಂಬ ಹೆಸರಿನ ಮೂವರು ಬ್ಯಾರಿ ಹುಡುಗಿಯರು ಸೇರಿದರು. ಮೂವರ ಅಪ್ಪಂದಿರ ಹೆಸರೂ ಒಂದೇ ಅಕ್ಷರದಿಂದ ಶುರು. ಇನಿಶಿಯಲ್ ಹಾಕಿದರೂ ಮೂವರೂ ಎ. ಐಸಮ್ಮಂದಿರೇ. ಅಪ್ಪನ ಹೆಸರನ್ನು ಪೂರ್ತಿ ಬರೆಯಲು ನಮ್ಮ ಆಫೀಸಿನ ಗುಮಾಸ್ತರಿಗೆ ಉದಾಸೀನ. ಅವರು ಹಾಜರಿ ಪುಸ್ತಕದಲ್ಲಿ ಐಸಮ್ಮ ಒನ್, ಐಸಮ್ಮ ಟೂ, ಐಸಮ್ಮ ತ್ರೀ ಎಂದು ಬರೆದರು. ಹೆಡ್‌ಮಾಸ್ಟ್ರು, "ಗುರುತಿಗೆ ಒಳ್ಳೆಯದು" ಎಂದರು. ನಾನೂ ಎರಡು ವರ್ಷ ಹಾಗೆಯೇ ಹಾಜರಿ ಕರೆದೆ. ಹೆಸರು ಎಂದರೆ ಎಂತ ಎಂದು ಕಲಿಸುವವಳು ನಾನು, ಮಕ್ಕಳನ್ನು ನಂಬರಿನಲ್ಲಿ ಕರೆದೆ. ಇದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ.

ಒಂದನೆಯ ಐಸಮ್ಮನಿಗೆ ಒಂಬತ್ತಕ್ಕೆ ಬರುವ ಮೊದಲೇ ಮದುವೆ ಮಾಡಿಸಿದರು. ಎರಡನೆಯವಳು ಒಂಬತ್ತರಲ್ಲಿ ಫೇಲಾಗಿ ಶಾಲೆ ಬಿಟ್ಟಳು. ಹತ್ತಕ್ಕೆ ಬಂದವಳು ಮೂರನೆಯವಳು ಮಾತ್ರ. ಓದುವುದರಲ್ಲಿ ಬೆಂಕಿ. ನಾನು ತಪ್ಪು ಕಾಗುಣಿತ ಬರೆದರೆ ಎದ್ದುನಿಂತು ಹೇಳುವಷ್ಟು ಧೈರ್ಯ. ಈಗ ಕ್ಲಾಸಿನಲ್ಲಿ ಇರುವವಳು ಒಬ್ಬಳೇ ಐಸಮ್ಮ. ಪುಸ್ತಕದಲ್ಲಿ ಮಾತ್ರ ತ್ರೀ ಹೋಗಿರಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಯಲ್ಲಿ ಗುಮಾಸ್ತರು ಹಾಗೆಯೇ ಟೈಪು ಮಾಡಿ ಕಳಿಸಿದರು. ಕೆಲವು ವಾರ ಬಿಟ್ಟು ಉಡುಪಿಯ ಶಿಕ್ಷಣ ಕಚೇರಿಯಿಂದ ಅರ್ಜಿ ವಾಪಸು ಬಂತು. ಮೇಲೆ ಒಂದು ಚೀಟಿ: "ತ್ರೀ ಎಂಬುದು ಮನೆತನದ ಹೆಸರೇ? ದಾಖಲೆ ಲಗತ್ತಿಸಿ. ಇಲ್ಲದಿದ್ದರೆ ಹಾಲ್ ಟಿಕೆಟ್ ಕೊಡಲಾಗುವುದಿಲ್ಲ."

ಹೆಡ್‌ಮಾಸ್ಟ್ರು ತಲೆ ಕೆರೆದುಕೊಂಡು, "ಮನೆತನದ ಹೆಸರು ಹೌದು ಅಂತ ಬರೆದು ಬಿಡುವ ಟೀಚರೇ. ಯಾರು ನೋಡಲಿಕ್ಕೆ ಬರುತ್ತಾರೆ?" ಎಂದರು.

"ಅವಳು ಸಾಯುವವರೆಗೆ ತ್ರೀ ಆಗಿಯೇ ಇರಬೇಕಾ? ನಾಳೆಯಿಂದ ನಿಮ್ಮನ್ನು ಹೆಡ್‌ಮಾಸ್ಟ್ರು ನಾಲ್ಕು ಅಂತ ಕರೆಯುತ್ತೇನೆ, ಆಗುತ್ತದಾ?" ಎಂದೆ.

ಮರುದಿನ ಹುಡುಗಿಯ ತಾಯಿ ಬಂದರು. ಗಂಡ ಗಲ್ಫ್‌ನಲ್ಲಿ. ಅವರು ಹಿಂದಿನ ತಿಂಗಳೇ ಕಾಗದ ಬರೆದಿದ್ದರು: ಹಾಲ್ ಟಿಕೆಟ್ ಬಂದರೆ ಪರೀಕ್ಷೆ ಬರೆಯಲಿ, ಬಾರದಿದ್ದರೆ ಓದಿದ್ದು ಸಾಕು, ಮೂಳೂರಿನ ಒಂದು ಗಂಡಿನ ಕಡೆಯವರು ಕೇಳುತ್ತಿದ್ದಾರೆ ಎಂದು. ಹುಡುಗಿ ತಾಯಿಯ ಹಿಂದೆ ನಿಂತಿದ್ದಳು. ನನ್ನ ಕಾಗುಣಿತ ತಿದ್ದುವವಳು ಆ ದಿನ ತಾಯಿಯ ಸೆರಗಿನ ಅಂಚು ಸುತ್ತುತ್ತಿದ್ದಳು.

ತಾಯಿ ತುಳುವಿನಲ್ಲಿ ಕೇಳಿದರು: "ಟೀಚರೇ, ನಾನು ಹೆತ್ತದ್ದು ಒಂದೇ ಹೆಣ್ಣು. ಮೂರು ಎಲ್ಲಿಂದ ಬಂತು? ಊರಿನವರು ಉಳಿದೆರಡು ಎಲ್ಲಿ ಅಂತ ಕೇಳುತ್ತಿದ್ದಾರೆ!"

ಅರ್ಜಿ ತಿದ್ದಿ ಕೊಡುವ ಕೊನೆಯ ದಿನಕ್ಕೆ ಇನ್ನು ಎರಡೇ ದಿನ ಇತ್ತು. ನಾನು ರಜೆ ಚೀಟಿ ಮೇಜಿನ ಮೇಲೆ ಬಿಸಾಡಿ, ತಾಯಿ ಮಗಳನ್ನು ಕರೆದುಕೊಂಡು ಉಡುಪಿಯ ಕಚೇರಿಗೆ ಬಸ್ಸು ಹತ್ತಿದೆ. ಅಲ್ಲಿ ಕಿಟಕಿಯಿಂದ ಕಿಟಕಿಗೆ ಕಳಿಸಿದರು. ಒಬ್ಬರು ಅಫಿಡವಿಟ್ ತನ್ನಿ ಎಂದರು. ಇನ್ನೊಬ್ಬರು ಪೇಪರಿನಲ್ಲಿ ಜಾಹೀರಾತು ಹಾಕಿಸಿ ಎಂದರು. ಕೊನೆಗೆ ನಾನು ಪರದೆ ಸರಿಸಿ ನೇರ ಅಧಿಕಾರಿಯ ಕೋಣೆಗೇ ನುಗ್ಗಿದೆ.

ಅಧಿಕಾರಿ ಅರ್ಜಿ ನೋಡಿ ಹೇಳಿದರು: "ಹೆಸರಿನ ಯಾವ ಭಾಗವನ್ನೂ ತೆಗೆಯಲು ನನಗೆ ಅಧಿಕಾರ ಇಲ್ಲ."

"ಅದು ಹೆಸರಿನ ಭಾಗವೇ ಅಲ್ಲ ಸರ್. ಐಸಮ್ಮ ಪ್ರಾಪರ್ ನೌನ್. ತ್ರೀ ಅಡ್ಜೆಕ್ಟಿವ್. ನೌನ್ ಇರಲಿ, ಅಡ್ಜೆಕ್ಟಿವ್ ತೆಗೆಯಿರಿ."

ಅವರೂ ಹಿಂದೆ ಮಾಸ್ಟ್ರಾಗಿದ್ದವರಿರಬೇಕು. ಕನ್ನಡಕ ಸರಿಮಾಡಿಕೊಂಡು, "ಅಡ್ಜೆಕ್ಟಿವ್ ಆದರೆ ನೌನಿನ ಮೊದಲು ಬರಬೇಕಲ್ಲ? ಇಲ್ಲಿ ನಂತರ ಬಂದಿದೆ" ಎಂದರು.

"ಅದಕ್ಕೇ ತಪ್ಪು ಎನ್ನುವುದು!" ಎಂದು ನಾನು ಮೇಜು ಗುದ್ದಿದೆ. ಶಾಯಿ ಕುಡಿಕೆ ಹಾರಿತು. ಹೊರಗಿನ ಗುಮಾಸ್ತರೆಲ್ಲ ಬಾಗಿಲಿಗೆ ಬಂದರು.

ಆಗ ತಾಯಿ ಮುಂದೆ ಬಂದರು. ಅವರಿಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ನಿಧಾನವಾಗಿ ಕೇಳಿದರು: "ಸಾರ್, ನಿಮ್ಮ ಅಮ್ಮ ನಿಮಗೆ ಎಷ್ಟು ನಂಬರ್ ಇಟ್ಟದ್ದು?"

ಬಾಗಿಲಲ್ಲಿದ್ದ ಯಾರೋ ಒಬ್ಬರು ಕಿಸಕ್ಕೆಂದರು. ಅಧಿಕಾರಿ ಪೆನ್ನು ತೆಗೆದು ತ್ರೀ ಎಂಬುದನ್ನು ಹೊಡೆದುಹಾಕಿ, ಬದಿಯಲ್ಲಿ ರುಜು ಮಾಡಿ, ಸೀಲು ಒತ್ತಿದರು. ಹುಡುಗಿ ಕಾಗದ ತೆಗೆದುಕೊಂಡು ತನ್ನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿದಳು.

ಹಾಲ್ ಟಿಕೆಟ್ ಬಂತು. ಹುಡುಗಿ ಪರೀಕ್ಷೆ ಬರೆದಳು. ಫಲಿತಾಂಶ ಬಂದಾಗ ಇಡೀ ಶಾಲೆಗೆ ಅವಳದ್ದೇ ಹೆಚ್ಚು ಮಾರ್ಕು. ಮನೆಯಲ್ಲಿ ಮುಂದೆ ಓದಿಸಲಿಕ್ಕೂ ಒಪ್ಪಿದರು. ಶಾಲೆ ಶುರುವಾದ ಮೇಲೆ ಒಂದು ಸಣ್ಣ ಸಭೆ ಮಾಡಿ, ತಾಯಿಯನ್ನು ಕರೆಸಿ ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂರಿಸಿದೆವು. ಹೆಡ್‌ಮಾಸ್ಟ್ರು ಎಲ್ಲ ತಾನೇ ಮಾಡಿಸಿದ ಹಾಗೆ ಎದೆ ಉಬ್ಬಿಸಿ ಮೈಕಿನ ಮುಂದೆ ನಿಂತು, ದೊಡ್ಡ ಸ್ವರದಲ್ಲಿ ಕೂಗಿದರು:

"ಐಸಮ್ಮ ಫಸ್ಟ್!"

ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ತಾಯಿ ಧಡಕ್ಕನೆ ಎದ್ದುನಿಂತರು. ಮುಖ ಕೆಂಡದ ಹಾಗಾಗಿತ್ತು. ನನ್ನ ಕೈ ಹಿಡಿದು ಜಗ್ಗಿ, ಮೈಕಿಗಿಂತ ಜೋರಾಗಿ ಕೇಳಿದರು:

"ಟೀಚರೇ, ಅಷ್ಟು ಕಷ್ಟಪಟ್ಟು ಮೂರು ತೆಗೆಸಿದ್ದು ಈಗ ಒಂದು ಹಾಕಿಸಲಿಕ್ಕಾ?"